ಸೆರಿನೋ, ಟಿವಾ ಮತ್ತು ದೇವಿಕಾಳ ಸಿಟ್ಟು

"ಮೇಡಂರಿ, ಗಾಡಿ ಓಡ್ಸೋರು ಎಲ್ಲಿ ಅದಾರ್ರಿ?"

ಕಿಟಕಿಗೆ ಬಗ್ಗಿ ಅವನು ಕೇಳಿದ ಆ ಒಂದು ಮಾತಿಗೆ ದೇವಿಕಾಳ ನೆತ್ತಿಗೆ ಬೆಂಕಿ ಹತ್ತಿತು!

ಯಾದಗಿರಿಯ ಆ ಶೋರೂಮಿನ ಅಂಗಳದಲ್ಲಿ ಕೆಂಪು ಸೆರಿನೋ ಕಾರು ಟೆಸ್ಟ್ ಡ್ರೈವ್‌ಗೆ ಸಿದ್ಧವಾಗಿ ನಿಂತಿತ್ತು. ಅವಳು ಒಳಗೆ ಕೂತು, ಬೆಲ್ಟ್ ಬಿಗಿದುಕೊಂಡು ಎರಡು ನಿಮಿಷವಾಗಿತ್ತು. ಈ ಸೇಲ್ಸ್‌ಮನ್ ನೋಡಿದರೆ ಡ್ರೈವರನ್ನು ಹುಡುಕುತ್ತಿದ್ದಾನೆ.

"ಓಡ್ಸೋಳು ನಾನೇ! ಹೆಣ್ಮಕ್ಳು ಕಾರ್ ಓಡ್ಸೋದು ನೀವು ನೋಡೇ ಇಲ್ಲೇನು?"

"ನೋಡೀನ್ರಿ..." ಅವನು ತಲೆ ಕೆರೆದುಕೊಂಡ. "ಆದ್ರ ಸ್ಟೇರಿಂಗ್ ಆ ಕಡಿ ಸೀಟಿನ ಮುಂದ ಅದರಿ."

ದೇವಿಕಾ ತನ್ನ ಎದುರಿಗೆ ನೋಡಿದಳು. ಸ್ಟೇರಿಂಗ್ ಇರಲಿಲ್ಲ. ಅವಳು ಎಡಗಡೆ ಸೀಟಿನಲ್ಲಿ ಕೂತಿದ್ದಳು!

ಅಯ್ಯೋ ದೇವರೇ... ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಮ್ಯಾನೇಜರ್ ಮಲ್ಕಪ್ಪನ ದನಿ ಬಂತು.

"ಹಣಮೇಶ, ಗಾಡಿ ಮದಿವಿಗೇನು ಕೇಳು! ಅಳಿಯಂದ್ರಿಗೆ ಕೊಡೋದಿದ್ರ ಬಿಳೀದು ತೋರ್ಸು!"

"ಯಾವ ಅಳಿಯಗೂ ಅಲ್ಲ. ಗಾಡಿ ನನಗ ಬೇಕು, ನನಗ!" ದೇವಿಕಾ ಬೆಲ್ಟ್ ಬಿಚ್ಚಿದಳು. "ಆರು ವರ್ಷ ಆತು, ಶಹಾಪುರದಾಗ ಹೆಣ್ಮಕ್ಳಿಗೆ ಡ್ರೈವಿಂಗ್ ಕಲಸ್ತೀನಿ. ದಿನಾ ಈ ಕಡೀನೇ ಕೂಡೋದು. ರೂಢಿಲೇ ಕುಂತೆ. ನಗೋದಿದ್ರ ನಕ್ಕು ಬಿಡ್ರಿ."

ಹಣಮೇಶ ನಗಲಿಲ್ಲ.

"ಇಳೀಬ್ಯಾಡ್ರಿ. ನೀವು ಬರೋಬ್ಬರಿ ಜಾಗಾದಾಗೇ ಕುಂತೀರಿ. ಗಾಡಿ ತಗೊಂಡ ಮ್ಯಾಲೆ ದಿನಾ ನೀವು ಅಲ್ಲೇ ಕೂಡೋದಲ್ರೀ? ಮೊದಲ ಅಲ್ಲಿಂದಾನ ನೋಡ್ರಿ. ಹೋಗೋವಾಗ ನಾ ಓಡಸ್ತೀನಿ, ಬರೋವಾಗ ನೀವು ಓಡಸ್ರಿ."

ದೇವಿಕಾ ಬಿಚ್ಚಿದ ಬೆಲ್ಟನ್ನು ಮತ್ತೆ ಬಿಗಿದುಕೊಂಡಳು.

ಹತ್ತಿಕುಣಿ ರಸ್ತೆಯಲ್ಲಿ ಎದುರಿಗೆ ಒಂದು ಟ್ರ್ಯಾಕ್ಟರ್ ಬಂದಾಗ ಅವಳ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಕಲಿಸುವ ಕಾರಿನಲ್ಲಿ ಎಡಗಡೆಯೂ ಒಂದು ಬ್ರೇಕ್ ಇರುತ್ತದೆ. ಇದರಲ್ಲಿ ಇರಲಿಲ್ಲ. ಅವನು ಓರೆಗಣ್ಣಿನಿಂದ ನೋಡಿದ.

"ಬ್ರೇಕ್ ಹಾಕಿದ್ರೇನ್ರಿ?"

"ಹಾಕಿದೆ. ಹತ್ತಲಿಲ್ಲ."

ಇಬ್ಬರೂ ನಕ್ಕರು. ಆದರೆ ದೇವಿಕಾ ಕೂಡಲೇ ಮುಖ ಗಂಟಿಕ್ಕಿಕೊಂಡಳು. ಕಾರು ಮಾರುವವರ ನಗುವಿಗೆ ಮರುಳಾಗುವಷ್ಟು ಅವಳು ಎಳೆಯಳಲ್ಲ, ಮೂವತ್ತೊಂದು ವರ್ಷದ ಹೆಂಗಸು!

ಅವಳ ಕಷ್ಟ ಅವಳಿಗೇ ಗೊತ್ತಿತ್ತು. ಹಳೆಯ ಕಾರು ಮೊನ್ನೆ ಗೋಗಿ ಕ್ರಾಸಿನಲ್ಲಿ ನಿಂತದ್ದು ನಿಂತೇಹೋಗಿತ್ತು. ಮೆಕ್ಯಾನಿಕ್ ವೆಂಕಪ್ಪ ಬಾನೆಟ್ ಮುಚ್ಚಿ, "ಅಕ್ಕಾ, ಇನ್ನ ಇದರ ಆಸಿ ಬಿಟ್ಟುಬಿಡು" ಅಂದಿದ್ದ. ಆರು ವರ್ಷ ಕಲಿಯುವವರ ಕಾಲಿಗೆ ಸಿಕ್ಕ ಕಾರು, ಪಾಪ, ಎಷ್ಟು ಅಂತ ತಡೆದೀತು? ಮುಂದಿನ ತಿಂಗಳು ಹನ್ನೊಂದು ಹೆಂಗಸರಿಗೆ ಲೈಸೆನ್ಸ್ ಪರೀಕ್ಷೆ ಇತ್ತು. ಅಷ್ಟರೊಳಗೆ ಹೊಸ ಕಾರು ಬರದಿದ್ದರೆ ಅವರ ಪರೀಕ್ಷೆ ತಪ್ಪುತ್ತಿತ್ತು. ತಪ್ಪು ಕಾರು ಬಂದರಂತೂ ಇನ್ನೂ ಆರು ವರ್ಷ ಅದನ್ನೇ ಅನುಭವಿಸಬೇಕು. ಶಾಲೆಯೇ ಮುಚ್ಚಿದರೂ ಮುಚ್ಚೀತು.

ಕಣದಲ್ಲಿ ಉಳಿದದ್ದು ಎರಡೇ. ಸೆರಿನೋ, ಮತ್ತು ರಸ್ತೆಯಾಚೆಯ ಶೋರೂಮಿನ ಟಿವಾ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆ, ಒಂದೇ ದರ. ಆರಿಸಿಕೊಳ್ಳುವುದು ಒಂದು ವಾರದ ಕೆಲಸ ಅಂದುಕೊಂಡಿದ್ದಳು.

ಆದರೆ ಬಿಡುತ್ತಾರೆಯೇ ಜನ? ಮೀಸೆ ಬಂದವರೆಲ್ಲ ಕಾರಿನ ಪಂಡಿತರೇ! ಮನೆ ಮಾಲೀಕ ಟಿವಾ ಅಂದ. ಮಾಲೀಕನ ಭಾವಮೈದುನ ಸೆರಿನೋ ಅಂದ. ಕಿರಾಣಿ ಅಂಗಡಿಯವನು ಎರಡೂ ಬೇಡ, ನನ್ನ ದೋಸ್ತನದೊಂದು ಹಳೆಯದಿದೆ ಅಂದ. ಸುರಪುರದಲ್ಲಿದ್ದ ಅಣ್ಣ ರಂಗಣ್ಣ ಫೋನಿನಲ್ಲೇ ತೀರ್ಪು ಕೊಟ್ಟಿದ್ದ.

"ಟಿವಾ ತಗೋ. ಬಿಳೀದು. ನಮ್ಮ ಬೀಗರ ಹಂತ್ಯಾಕ ಅದಾ ಗಾಡಿ ಅದ."

"ಅಣ್ಣಾ, ಬೀಗರು ಹೆಣ್ಮಕ್ಳಿಗೆ ಡ್ರೈವಿಂಗ್ ಕಲಸ್ತಾರೇನು?"

"ನಿನಗ ಏನು ತಿಳೀತದ? ನಾನೇ ಬರ್ತೀನಿ ತಡಿ."

ಬಂದ ಕೂಡ. ಟಿವಾ ಶೋರೂಮಿನ ಹುಡುಗ ಬಾಗಿಲಲ್ಲೇ ರಂಗಣ್ಣನ ಕೈಕುಲುಕಿ, ರಂಗಣ್ಣನಿಗೇ ತಂಪು ಪಾನೀಯ ಕೊಟ್ಟು, ಎಂಜಿನ್ನಿನ ಕಥೆಯನ್ನೆಲ್ಲ ರಂಗಣ್ಣನಿಗೇ ಹೇಳಿದ. ರಂಗಣ್ಣ ಗಂಭೀರವಾಗಿ ತಲೆಯಾಡಿಸಿದ. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಮೋಟರ್ ಸೈಕಲ್ಲೇ ಮೂರು ಸಲ ಹೊಲದ ಬದುವಿಗೆ ಇಳಿಸಿದ್ದ! ದೇವಿಕಾ ಪಕ್ಕದಲ್ಲಿ ನಿಂತು ಕೇಳಿದ ನಾಲ್ಕು ಪ್ರಶ್ನೆಗೂ ಉತ್ತರ ಹೋದದ್ದು ಅಣ್ಣನ ಕಡೆಗೇ.

'ನಾ ಇಲ್ಲಿ ಗ್ವಾಡಿ ಅದೀನೇನು?' ಅಂದುಕೊಂಡಳು. ಹಲ್ಲು ಕಚ್ಚಿದ ರಭಸಕ್ಕೆ ದವಡೆ ನೋಯುತ್ತಿತ್ತು.

ಆ ಸಿಟ್ಟಿನಲ್ಲೇ ಮರುದಿನ ಮತ್ತೆ ಸೆರಿನೋ ಶೋರೂಮಿಗೆ ಬಂದಳು. ಕೈಯಲ್ಲಿ ನೋಟ್‌ಬುಕ್ಕು, ಜೊತೆಗೆ ಶಿಷ್ಯೆ ಹಬೀಬಾ. ಹಬೀಬಾ ಶಹಾಪುರದಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವವಳು, ಹೊಲಿದದ್ದನ್ನು ಊರೂರಿಗೆ ತಾನೇ ಮುಟ್ಟಿಸಬೇಕೆಂಬ ಹಟದವಳು. ಎತ್ತರ ನಾಲ್ಕು ಅಡಿ ಎಂಟು ಇಂಚು.

"ನನಗ ಈ ಹುಡುಗಿ ಕಾಲು ಕ್ಲಚ್ಚಿಗೆ ಮುಟ್ಟೋ ಗಾಡಿ ಬೇಕು," ಅಂದಳು ದೇವಿಕಾ. "ಸೀರಿ ಉಟ್ಟೋರು, ಬುರ್ಖಾ ಹಾಕ್ಕೊಂಡೋರು, ಮಣಕಾಲು ನೋವಿದ್ದೋರು ಎಲ್ಲಾರೂ ಬರ್ತಾರ. ಒಬ್ಬೊಬ್ಬರನ್ನೂ ಕೂಡಿಸಿ ನೋಡ್ತೀನಿ. ಬ್ಯಾಸರಾ ಮಾಡ್ಕೋತೀರೇನು?"

"ಕರ್ಕೊಂಡು ಬರ್ರಿ," ಅಂದ ಹಣಮೇಶ. "ನಮ್ಮ ಸಾಹೇಬ್ರು ಬೈತಾರ. ಬೈಲಿ."

ಮಲ್ಕಪ್ಪ ಬೈದ. ದಿನವೂ ಬೈದ! ಆದರೂ ಎರಡು ವಾರದಲ್ಲಿ ಆ ಕೆಂಪು ಸೆರಿನೋ ಒಂಬತ್ತು ಸಲ ಭೀಮಾ ನದಿಯ ಸೇತುವೆ ದಾಟಿ ಶಹಾಪುರಕ್ಕೆ ಬಂತು. ಹಣಮೇಶ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಕೂತು, ದೇವಿಕಾ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಡುತ್ತಿದ್ದ. ಸೆರಿನೋದ ಸೀಟು ಎತ್ತರ, ಕ್ಲಚ್ಚು ಹಗುರ, ಆದರೆ ಹಿಂದಿನ ಗಾಜಿನಿಂದ ರಸ್ತೆ ಅಷ್ಟಾಗಿ ಕಾಣುವುದಿಲ್ಲ. ಎದುರಿನ ಶೋರೂಮಿನಲ್ಲಿ ಕೂಡಿಸಿ ನೋಡಿದ್ದ ಟಿವಾದ ಮೈಲೇಜು ಹೆಚ್ಚು, ಕ್ಲಚ್ಚು ಬಿರುಸು, ಹಬೀಬಾಳ ಕಾಲಿಗೆ ದೂರ.

"ಇಕ್ಕಟ್ಟಿನಾಗ ತಿರುಗೋದ್ರಾಗ ಟಿವಾನೇ ಚಲೋರಿ. ಬರ್ಕೊಳ್ಳಲೇನು?" ಅಂತ ಅವನೇ ಕೇಳಿದ ದಿನ ದೇವಿಕಾ ಹಿಂದೆ ತಿರುಗಿ ಅವನನ್ನು ನೋಡಿದಳು.

"ನಿಮ್ಮದ ಗಾಡಿ ನೀವು ಹಿಂಗ ಮಾರ್ತೀರೇನು?"

"ಸುಳ್ಳು ಹೇಳಿ ಮಾರಿದ್ರ ನಾಳಿ ನೀವು ಬಂದು ಬೈತೀರಲ್ರಿ. ನಿಮ್ಮ ಬೈಗಳ ನನಗ ಗೊತ್ತದ."

ಹಬೀಬಾ ಸ್ಟೇರಿಂಗ್ ಹಿಡಿದುಕೊಂಡೇ ಕಿಸಕ್ಕನೆ ನಕ್ಕಳು. ಕಾರು ಗಕ್ಕನೆ ನಿಂತುಹೋಯಿತು.

ಅಂದು ಹಬೀಬಾಳನ್ನು ಮನೆಗೆ ಬಿಟ್ಟ ಮೇಲೆ, ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತಾ ದೇವಿಕಾ ಯಾರಿಗೂ ಹೇಳದ ಮಾತು ಹೇಳಿದಳು. ನಾಲ್ಕು ವರ್ಷದ ಹಿಂದೆ ಮದುವೆ ಗೊತ್ತಾಗಿತ್ತು. ಹುಡುಗನ ಕಡೆಯವರು ಡ್ರೈವಿಂಗ್ ಶಾಲೆ ಮುಚ್ಚಿಸಬೇಕು ಅಂದರು. ಅಣ್ಣ ಆಗಲಿ ಅಂದುಬಿಟ್ಟ!

"ನನಗ ಗೊತ್ತಾಗಿದ್ದು ಹತ್ತು ದಿನ ಆದ ಮ್ಯಾಲೆ. ನಾನೇ ಫೋನ್ ಮಾಡಿ ಮುರದೆ. ಒಬ್ಬರಾದ್ರೂ ನನ್ನ ಕೇಳಬೇಕಿತ್ತೋ ಇಲ್ಲೋ?"

ಹಣಮೇಶ ಚಹಾದ ಲೋಟ ಕೆಳಗಿಟ್ಟ. "ಕೇಳಬೇಕಿತ್ರಿ," ಅಂದ ಮೆಲ್ಲಗೆ.

ಆ ಒಂದು ಮಾತಿಗೆ ಅವಳ ಕಣ್ಣು ತುಂಬಿತು. ಹೌದು, ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಮುಚ್ಚಿಡುವುದೇಕೆ? ನೋಟ್‌ಬುಕ್ಕಿನಲ್ಲಿ ಅವನ ದುಂಡನೆಯ ಅಕ್ಷರ ಕಂಡರೂ ಸಾಕು, ಎದೆ ಝಲ್ಲೆನ್ನುತ್ತಿತ್ತು.

ನಾಲ್ಕೇ ದಿನ. ಐದನೆಯ ದಿನ ಬೆಳಿಗ್ಗೆ ಸುರಪುರದಿಂದ ಅಣ್ಣನ ಹೆಂಡತಿ, ವೈನಿ ಕಲ್ಪನಾಳ ಫೋನು ಬಂತು.

"ದೇವಿಕಾ, ನಿನ್ನಿ ಆ ಸೆರಿನೋ ಕಾರಿನ ಹಣಮೇಶ ಬಂದಿದ್ನಲ್ಲ ನಮ್ಮನಿಗೆ! ಎರಡು ತಾಸು ನಿಮ್ಮಣ್ಣನ ಜೋಡಿ ಕುಂತಿದ್ದ. ನನ್ನನ್ನ ಒಳಗ ಕಳಿಸಿಬಿಟ್ರು. ಹೋಗೋವಾಗ ನಿಮ್ಮಣ್ಣ ಖುಷಿಲೇ ಅವನ ಬೆನ್ನು ಚಪ್ಪರಿಸಿದ್ರು. ಏನದು ಅಂದ್ರ, ಸಂಜಿಗೆ ದೇವಿಕಾಗ ನಾನೇ ಹೇಳ್ತೀನಿ ಅಂತಾರ."

ದೇವಿಕಾ ಫೋನು ಕೆಳಗಿಟ್ಟಳು.

'ಅಣ್ಣನ ಹಂತ್ಯಾಕ ಹೋದನಾ? ನನ್ನ ಬಿಟ್ಟು?'

ಎಲ್ಲವೂ ತಿಳಿಯಿತು ಅನ್ನಿಸಿತು ಅವಳಿಗೆ. ಎರಡು ವಾರ ನೋಟ್‌ಬುಕ್ಕು, ಚಹಾ, ಕೇಳಬೇಕಿತ್ರಿ ಅನ್ನುವ ಮೆತ್ತನೆಯ ದನಿ... ಎಲ್ಲ ನಾಟಕ! ಹೆಂಗಸು ಮನಸ್ಸು ಮಾಡುತ್ತಿಲ್ಲ, ಮನೆಯ ಗಂಡಸನ್ನು ಹಿಡಿದು ವ್ಯವಹಾರ ಕುದುರಿಸೋಣ ಅಂತ ಸುರಪುರದ ಬಸ್ಸು ಹತ್ತಿದ್ದಾನೆ. ಆ ಟಿವಾದ ಹುಡುಗನೇ ವಾಸಿ. ಅವನಾದರೂ ಅವಳೆದುರಿಗೇ ಅವಳನ್ನು ಗೋಡೆ ಮಾಡಿದ್ದ.

ಸಂಜೆಯವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಅವಳು ನೇರವಾಗಿ ಯಾದಗಿರಿಗೆ ಹೋದಳು. ಸೆರಿನೋ ಶೋರೂಮಿನ ಕಡೆ ಕತ್ತೆತ್ತಿಯೂ ನೋಡದೆ ಎದುರಿನ ಶೋರೂಮಿಗೆ ನುಗ್ಗಿದಳು.

"ಟಿವಾ. ಬುಕ್ ಮಾಡ್ರಿ. ಈಗಿಂದೀಗ!"

"ಅಣ್ಣಾರು ಬಂದಿಲ್ಲೇನ್ರಿ?" ಅಂದ ಆ ಹುಡುಗ.

ಅವನನ್ನು ಅವಳು ನೋಡಿದ ನೋಟಕ್ಕೆ ಅವನು ತೆಪ್ಪಗೆ ಫಾರ್ಮು ತಂದ.

ಹಣಮೇಶ ಏಳು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಅಣ್ಣನ ಫೋನನ್ನೂ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ಅವನೇ ಶಹಾಪುರದ ಮೈದಾನಕ್ಕೆ ಬಂದ. ಅಲ್ಲಿ ಹಬೀಬಾ ಬೇರೊಬ್ಬರಿಂದ ಎರವಲು ತಂದ ಕಾರಿನಲ್ಲಿ ರಿವರ್ಸ್ ಹಾಕುತ್ತಿದ್ದಳು. ಅವನನ್ನು ಕಂಡದ್ದೇ ದೇವಿಕಾ ಕಾರಿನಿಂದ ಇಳಿದು ಎದುರಿಗೆ ನಿಂತಳು.

"ಯಾಕ ಬಂದ್ರಿ? ನಮ್ಮಣ್ಣ ಸಿಗಲಿಲ್ಲೇನು?"

"ಟಿವಾ ಬುಕ್ ಮಾಡಿದ್ರಂತ... ಮಾಡ್ರಿ, ಅದೂ ಚಲೋ ಗಾಡಿನೇ. ನಾ ಗಾಡಿ ಮಾತಾಡಾಕ ಬಂದಿಲ್ರಿ. ನನ್ನ ಮ್ಯಾಲೆ ಯಾಕ ಸಿಟ್ಟಾಗೀರಿ?"

"ನಾಚಿಕಿ ಆಗೂದಿಲ್ಲೇನ್ರಿ ಕೇಳಾಕ? ನಾ ಹೇಳಿದ್ದೆಲ್ಲಾ ಕಿವಿಯಿಂದ ಕೇಳಿ, ಹೋಗಿ ನಮ್ಮಣ್ಣನ ಮುಂದ ಕುಂತು ನನ್ನ ಕಾರು ಕುದುರಿಸಿದ್ರಿ!"

ಹಣಮೇಶ ತಬ್ಬಿಬ್ಬಾದ.

"ಕಾರು? ಖರೇ ಹೇಳ್ತೀನಿ, ಅಲ್ಲಿ ಕಾರಿನ ಸುದ್ದೀನ ತಗದಿಲ್ರಿ."

"ಮತ್ತ ಎರಡು ತಾಸು ಏನು ಮಾತಾಡಿದ್ರಿ?"

ಅವನು ಸುತ್ತ ನೋಡಿದ. ಹಬೀಬಾ ಕಾರಿನ ಗಾಜು ಪೂರ್ತಿ ಇಳಿಸಿ ಕಿವಿಗೊಟ್ಟಿದ್ದಳು. ಅವನ ಕಿವಿ ಕೆಂಪಾಯಿತು.

"ನಿಮ್ಮನ್ನ... ನಿಮ್ಮನ್ನ ಕೇಳಾಕ ಹೋಗಿದ್ದೆರಿ. ಮದಿವಿಗೆ. ನಮ್ಮವ್ವ ಯಂಕಮ್ಮ ಕೊಂಕಲ್‌ನಾಗ ಅದಾಳ. ಹಿರ್ಯಾರನ್ನ ಕೇಳದೆ ಹುಡುಗಿ ಮುಂದ ಬಾಯಿ ಬಿಟ್ರ ಕಾಲು ಮುರೀತೀನಿ ಅಂದ್ಲು. ನಮ್ಮ ಮನ್ಯಾಗ ಅದಾ ಮರ್ಯಾದಿರಿ. ನಿಮ್ಮಣ್ಣ ಹೂಂ ಅಂದ್ರು. ಬಾಯಾಗ ಸಕ್ಕರಿ ಹಾಕಿದ್ರು."

ದೇವಿಕಾಳ ಎದೆಯೊಳಗೆ ಏನೋ ಹಿಗ್ಗಿತು... ಹಿಗ್ಗಿದ್ದು ಮರುಕ್ಷಣವೇ ಉರಿಯಿತು! ಕಾರಿನ ವಿಷಯವಾಗಿದ್ದರೆ ಕ್ಷಮಿಸುತ್ತಿದ್ದಳೇನೋ. ಇದನ್ನು ಹೇಗೆ ಕ್ಷಮಿಸುವುದು?

"ಅಂದ್ರ ನನ್ನ ಮದಿವಿ ಗೊತ್ತಾಗ್ಯಾದ. ನನ್ನ ಬಿಟ್ಟು ಎಲ್ಲಾರಿಗೂ ಗೊತ್ತದ."

"ಹಂಗಲ್ರಿ..."

"ಹಂಗೇ ಅದ! ಕ್ಲಚ್ ಹಗರ ಅದನೋ ಬಿರುಸೋ ಅಂತ ಹದಿನೈದು ದಿನ ನನ್ನ ಕೇಳಿದ್ರಿ. ಕನ್ನಡಿ ಎಷ್ಟು ಎತ್ತರ ಇರಬೇಕು ಅಂತ ಕೇಳಿದ್ರಿ. ಇಡೀ ಜಿಲ್ಲಾದಾಗ ನನ್ನ ಕೇಳಿದ ಗಂಡಸು ನೀವೊಬ್ಬರೇ ಅಂತ ನಾ ಎಷ್ಟು..." ಅವಳ ದನಿ ಒಡೆಯಿತು. "ಗಾಡಿಗಾದ್ರ ನಾ ಬೇಕು. ನನ್ನ ಬಾಳಿಗೆ ನಮ್ಮಣ್ಣ ಸಾಕೇನ್ರಿ ಹಣಮೇಶ? ಅದೂ ನಾ ಆ ದಿನ ಅಷ್ಟೆಲ್ಲಾ ಹೇಳಿದ ಮ್ಯಾಲೆ?"

ಚಹಾದ ಅಂಗಡಿಯಲ್ಲಿ ಅವಳು ಹೇಳಿದ್ದು, ತಾನು ಕೇಳಬೇಕಿತ್ರಿ ಅಂದದ್ದು, ನಾಲ್ಕೇ ದಿನಕ್ಕೆ ತಾನೂ ಅದನ್ನೇ ಮಾಡಿದ್ದು ಈಗ ಅವನಿಗೆ ಹೊಳೆದಂತಿತ್ತು.

"ತಪ್ಪಾತ್ರಿ," ಅಂದ. ತಲೆ ತಗ್ಗಿಸಿ ಮೈದಾನ ದಾಟಿ ಹೊರಟುಹೋದ.

ಹಬೀಬಾ ಮೆಲ್ಲಗೆ ಹತ್ತಿರ ಬಂದಳು.

"ಆಪಾ... ಬೈದಿದ್ದು ಬರೋಬ್ಬರಿ ಅದ. ಆದ್ರ ಆ ಟಿವಾ ಯಾಕ ಬುಕ್ ಮಾಡಿದ್ರಿ? ಅದರಾಗ ನಂದು ಕಾಲೇ ಮುಟ್ಟಂಗಿಲ್ಲ."

ದೇವಿಕಾ ಅವಳನ್ನೇ ನೋಡುತ್ತಾ ನಿಂತಳು. ಟಿವಾ ಕಾರನ್ನು ಅಣ್ಣ ಹೇಳಿದಾಗ ಬೇಡ ಅಂದಿದ್ದಳು. ಆಮೇಲೆ ಹಣಮೇಶನ ಮೇಲಿನ ಸಿಟ್ಟು ಹೇಳಿತು, ಬುಕ್ ಮಾಡಿ ಬಂದಳು. ಎರಡು ಸಲವೂ ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ! ಆ ರಾತ್ರಿ ನೋಟ್‌ಬುಕ್ಕು ತೆರೆದು ಒಂದೊಂದೇ ಸಾಲು ಓದಿದಳು. ಆ ದುಂಡನೆಯ ಅಕ್ಷರಗಳನ್ನು ಕಂಡು ಅಳು ಬಂತು. ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಓದಿದಳು.

ಬೆಳಿಗ್ಗೆ ಟಿವಾ ಬುಕಿಂಗ್ ರದ್ದು ಮಾಡಿಸಿದಳು.

ಅಂದೇ ಸಂಜೆ ರಂಗಣ್ಣನ ಫೋನು ಬಂತು. ಈ ಸಲ ಎತ್ತಿದಳು. ಅಣ್ಣ ಕಿರುಚುತ್ತಿದ್ದ.

"ಆ ಹಣಮೇಶ ಈಗ ಬಂದು ಹೋದ! ಕೇಳಿದ್ದು ವಾಪಸ್ ತಗೋತೀನಂತ! ಸಕ್ಕರಿ ತಿಂದ ಬಾಯಾಗ ಹಂಗ ಹೇಳ್ಯಾನ! ಓಣಿ ಮಂದಿ ಮುಂದ ನನ್ನ ಮರ್ಯಾದಿ ಏನಾತು? ನಾಕು ಮಂದಿ ಕೂಡಿ ಬೈದು ಕಳಿಸೀವಿ!"

ದೇವಿಕಾ ಗೋಡೆಗೆ ಒರಗಿದಳು. ವಾಪಸ್ಸಾ? ಅಂದರೆ... ಬೇಡ ಅಂದನಾ? ಬೈದದ್ದು ಅವಳೇ.

"ಅಣ್ಣಾ," ಅಂದಳು ಕಷ್ಟಪಟ್ಟು. "ನೀ ಹೂಂ ಅನ್ನೋ ಮೊದಲ ನನಗೊಂದು ಫೋನ್ ಮಾಡಬೇಕು ಅನಸಲಿಲ್ಲೇನು?"

ಆ ಕಡೆ ದನಿ ತಗ್ಗಿತು. "ಚಲೋ ಹುಡುಗ ಅದಾನ ಅಂತ... ಈ ಸಲನಾದ್ರೂ ಮುರೀಬಾರದು ಅಂತ..."

"ಹೋದ ಸಲಾನೂ ಮೊದಲ ನನ್ನ ಕೇಳಿದ್ರ ಮದಿವಿ ಗೊತ್ತೂ ಆಗ್ತಿರಲಿಲ್ಲ, ಮುರಿಯೋದೂ ಬರ್ತಿರಲಿಲ್ಲ."

ಅತ್ತ ರಂಗಣ್ಣ ಒಮ್ಮೆ ಕೆಮ್ಮಿ, "ಊಟ ಆತೇನು?" ಅಂದ. ಕ್ಷಮೆ ಕೇಳಲು ಅವನಿಗೆ ಬರುತ್ತಿದ್ದುದು ಅಷ್ಟೇ.

ಎರಡು ದಿನ ಬಿಟ್ಟು ದೇವಿಕಾ ಸೆರಿನೋ ಶೋರೂಮಿನ ಮೆಟ್ಟಿಲು ಹತ್ತಿದಳು. ಹಣಮೇಶ ಎದ್ದು ನಿಂತ. ಮುಖ ಬಾಡಿತ್ತು.

"ಮಲ್ಕಪ್ಪಾರ ಕಡಿಂದ ಬುಕ್ ಮಾಡಸ್ತೀನಿ," ಅಂದಳು ಬಿಗುವಾಗಿ. "ಸೆರಿನೋ. ನಿಮ್ಮ ಮಾರಿ ನೋಡಿ ತಗೊಳ್ಳಾಕತ್ತಿಲ್ಲ. ಹಬೀಬಾನ ಕಾಲು ನೋಡಿ ತಗೊಳ್ಳಾಕತ್ತೀನಿ."

"ಹೌದ್ರಿ. ಅದಾ ಬರೋಬ್ಬರಿ."

ಮಲ್ಕಪ್ಪ ಫಾರ್ಮು ತುಂಬಿಸಿಕೊಂಡ. ಮದುವೆಗೇನ್ರಿ ಅಂತ ಈ ಸಲ ಕೇಳಲಿಲ್ಲ. ಸಹಿ ಹಾಕಿ ಹೊರಗೆ ಬಂದರೆ ಬೇವಿನ ಮರದ ನೆರಳಲ್ಲಿ ಹಣಮೇಶ ನಿಂತಿದ್ದ. ದೇವಿಕಾ ದಾಟಿ ಹೋಗಬೇಕೆಂದುಕೊಂಡಳು. ಕಾಲು ಕೇಳಲಿಲ್ಲ.

"ವಾಪಸ್ ತಗೊಂಡ್ರಂತ," ಅಂದಳು ನೆಲ ನೋಡುತ್ತಾ. "ಚಲೋ ಆತು ಬಿಡ್ರಿ. ಸಿಟ್ಟಿನ ಹೆಂಗಸು ಯಾರಿಗೆ ಬೇಕು?"

"ಏನಂತ ಮಾತಾಡ್ತೀರ್ರಿ!" ಮೊದಲ ಸಲ ಅವನ ದನಿಯಲ್ಲಿ ಸಿಟ್ಟು ಬಂತು. "ನಿಮ್ಮಣ್ಣನ ಕಡಿಂದ ವಾಪಸ್ ತಗೊಂಡೀನಿ. ಅದು ಅವ್ರನ್ನ ಕೇಳೋ ಮಾತಾಗಿರಲಿಲ್ಲ. ಅವ್ರ ಹೂಂ ಇಟ್ಕೊಂಡು ನಿಮ್ಮ ಮುಂದ ಬಂದ್ರ, ನೀವು ಒಲ್ಲೆ ಅಂದ್ರೂ ಊರೆಲ್ಲಾ ನಿಮಗಾ ಬೈತದ. ಅದಕ್ಕ ಮೊದಲ ಆ ಹೂಂ ತಿರುಗಿ ಕೊಟ್ಟು ಬಂದೆ. ಈಗ ನೀವು ಒಲ್ಲೆ ಅಂದ್ರ ಬೈಸ್ಕೊಳ್ಳೋವ ನಾನಾ, ನೀವಲ್ಲ."

"ಬಾಳ ಬೈದ್ರೇನು?"

"ಬೈದ್ರು. ಕೊಂಕಲ್‌ನಾಗ ನಮ್ಮವ್ವನೂ ಎರಡು ದಿನ ಆತು, ಮಾತು ಬಿಟ್ಟಾಳ."

ದೇವಿಕಾ ತಲೆಯೆತ್ತಿದಳು. ಮೈದಾನದಲ್ಲಿ ತಾನು ಅಷ್ಟು ಬೈದಾಗಲೂ ಸುಳ್ಳು ನೆಪ ಹೇಳದೆ ಹೋದವನು ಇವನು. ನಾಲ್ಕು ಜನರ ಮುಂದೆ ತಲೆ ತಗ್ಗಿಸಿ, ಸಿಕ್ಕಿದ್ದ ಹೂಂ ಅನ್ನು ಕೈಯಾರೆ ಬಿಟ್ಟು ಬಂದವನು. ಅವಳ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ಕೈಯಾಗ ಈಗ ಏನೂ ಇಲ್ರಿ," ಅಂದ ಹಣಮೇಶ. "ನಿಮ್ಮಣ್ಣನೂ ಇಲ್ಲ, ನಮ್ಮವ್ವನೂ ಇಲ್ಲ. ನಾ ಒಬ್ಬನೇ ಕೇಳ್ತೀನಿ. ದೇವಿಕಾ... ಬಾಳೆಲ್ಲಾ ನಿಮ್ಮ ಜೋಡಿ ಇರಬೇಕು ಅನ್ನೋ ಆಸಿ ನನಗದ. ನಿಮಗೇನು ಅನಸ್ತದ್ರಿ?"

ಅವಳು ಕೈಯಲ್ಲಿದ್ದ ಬುಕಿಂಗ್ ರಸೀದಿಯನ್ನು ಮಡಚಿದಳು, ಬಿಚ್ಚಿದಳು.

"ಹೇಳ್ರಿ. ಒಲ್ಲೆ ಅಂದ್ರೂ ನಡೀತದ."

"ಇನ್ನೊಮ್ಮೆ ಕೇಳ್ರಿ."

"ಯಾಕ್ರಿ, ಕೇಳಿಸಲಿಲ್ಲೇನು?"

"ಕೇಳಿಸ್ತು." ಕಣ್ಣೀರು ಕೆನ್ನೆಗೆ ಇಳಿಯುತ್ತಿದ್ದರೂ ಅವಳು ನಗುತ್ತಿದ್ದಳು. "ಮೂವತ್ತೊಂದು ವರ್ಷಕ್ಕ ಮೊದಲ ಸಲ ಒಬ್ಬರು ಕೇಳ್ಯಾರ. ಅಷ್ಟು ಲಗೂನ ಮುಗಿಸಿಬಿಡಬ್ಯಾಡ್ರಿ. ಇನ್ನೊಮ್ಮೆ ಕೇಳ್ರಿ."

ಹಣಮೇಶ ಒಂದು ಹೆಜ್ಜೆ ಹತ್ತಿರ ಬಂದ. ಈ ಸಲ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದ.

"ದೇವಿಕಾ, ನನ್ನ ಮದಿವಿ ಆಗ್ತೀರೇನ್ರಿ?"

"ಆಗ್ತೀನಿ," ಅಂದಳು ದೇವಿಕಾ. "ಅಣ್ಣಗ ನಾನೇ ಹೇಳ್ತೀನಿ."